ಯುದ್ಧಕಾಲದ ಬೆಂಗಳೂರಿನ ಹೆಸರಿಲ್ಲದ ಫೋಟೊಗಳು: ಓದುವ ಬಗೆ

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿ, ಅಜ್ಜಿಯ ಟ್ರಂಕಿನ ತಳ, ಮನೆ ಖಾಲಿ ಮಾಡಿದವರು ಗುಜರಿಗೆ ಹಾಕಿದ ಆಲ್ಬಂ. ಎರಡನೇ ಮಹಾಯುದ್ಧ ನಡೆದ 1939ರಿಂದ 1945ರವರೆಗಿನ ಬೆಂಗಳೂರಿನ ಫೋಟೊಗಳು ಸಾಮಾನ್ಯವಾಗಿ ಕೈಗೆ ಬರುವುದು ಇಂಥ ಕಡೆಯಿಂದ. ತೆಗೆದವರು ಯಾರೆಂದು ಗೊತ್ತಿಲ್ಲ, ಅದರಲ್ಲಿರುವವರ ಹೆಸರೂ ಇಲ್ಲ. ಫಿರಂಗಿ, ಟ್ಯಾಂಕು ಏನೂ ಕಾಣಿಸದು. ಜಟಕಾ ನಿಂತಿರುತ್ತದೆ, ಹೆಂಗಸೊಬ್ಬರು ಸೊಪ್ಪು ಕೊಳ್ಳುತ್ತಿರುತ್ತಾರೆ, ಹುಡುಗರು ಕ್ಯಾಮೆರಾ ಕಡೆ ನೋಡಿ ಹಲ್ಲು ಬಿಟ್ಟಿರುತ್ತಾರೆ. ಯುದ್ಧ ಇಂಥ ಚಿತ್ರದ ನಡುವೆ ಕೂತಿರುವುದು ಅಪರೂಪ. ಅದು ಅಂಚಿನಲ್ಲಿರುತ್ತದೆ: ಬಸ್ಸಿನ ಹಿಂಬದಿಯಲ್ಲಿ, ಗೋಡೆ ಗಡಿಯಾರದಲ್ಲಿ, ಕಾಗದದ ಬೆನ್ನಿನ ಮೇಲೆ.

ಓದುವವರ ಕೆಲಸ ಕಥೆ ಕಟ್ಟುವುದಲ್ಲ, ಬೇಲಿ ಹಾಕುವುದು. ಪ್ರತಿ ಫೋಟೊಗೂ ಎರಡು ಗಡಿ ಗೊತ್ತುಮಾಡಬೇಕು. ‘ಇದಕ್ಕಿಂತ ಹಿಂದಿನದಲ್ಲ’ ಎನ್ನುವುದನ್ನು ಹಿಂಗಡಿ ಎನ್ನೋಣ, ‘ಇದಕ್ಕಿಂತ ಈಚಿನದಲ್ಲ’ ಎನ್ನುವುದನ್ನು ಮುಂಗಡಿ ಎನ್ನೋಣ. ಹಿಂಗಡಿ ಸುಲಭವಾಗಿ ಸಿಗುತ್ತದೆ, ಏಕೆಂದರೆ ಒಂದು ವಸ್ತು ಹುಟ್ಟಿದ ವರ್ಷ ದಾಖಲೆಯಲ್ಲಿರುತ್ತದೆ. ಮುಂಗಡಿ ಕಷ್ಟ. ನಮ್ಮಲ್ಲಿ ಯಾವುದನ್ನೂ ಬೇಗ ಬಿಸಾಡುವುದಿಲ್ಲವಲ್ಲ. 1930ರ ಕೋಟು 1955ರಲ್ಲೂ ಮೈಮೇಲಿರುತ್ತದೆ.

ಮೊದಲು ಕೈ, ಆಮೇಲೆ ಕಣ್ಣು

ಕೈ ತೊಳೆದು ಪೂರ್ತಿ ಒರೆಸಿಕೊಂಡು ಫೋಟೊವನ್ನು ಅಂಚಿನಲ್ಲಿ ಹಿಡಿಯಿರಿ. ನೆಗೆಟಿವ್ ಆದರೆ ನೈಟ್ರೈಲ್ ಕೈಗವಸು ಬೇಕು. ಹತ್ತಿಯ ಗವಸಿನ ನೂಲು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಕಾಗದದ ಆಲ್ಬಮ್ಮಿಗೆ ಅಂಟಿಸಿದ್ದನ್ನು ಕೀಳಬೇಡಿ. ಕಿತ್ತರೆ ಬೆನ್ನಿನ ಬರಹವೂ ಅಂಟಿನ ಜೊತೆ ಹೋಗುತ್ತದೆ, ಪುಟದಲ್ಲಿ ಯಾವುದರ ಪಕ್ಕ ಯಾವುದಿತ್ತು ಎಂಬ ಸುಳಿವೂ ಹೋಗುತ್ತದೆ. ಮೊದಲು ಇಡೀ ಪುಟ ಸ್ಕ್ಯಾನ್ ಮಾಡಿ, ಆಮೇಲೆ ಒಂದೊಂದನ್ನು.

ಅಂಗೈಯಷ್ಟಿರುವ ಚಿಕ್ಕ ಪ್ರಿಂಟುಗಳನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆ), ಪೋಸ್ಟ್‌ಕಾರ್ಡಿಗಿಂತ ದೊಡ್ಡವನ್ನು 600ರಲ್ಲಿ, ನೆಗೆಟಿವ್‌ಗಳನ್ನು 2400 ಅಥವಾ ಮೇಲೆ ಸ್ಕ್ಯಾನ್ ಮಾಡಿ ಟಿಫ್ ಕಡತವಾಗಿ ಉಳಿಸಿ. ಕಪ್ಪು-ಬಿಳುಪಿನ ಫೋಟೊ ಆದರೂ ಕಲರ್‌ನಲ್ಲೇ ಮಾಡಿ. ಕಲೆ, ಶಾಯಿಯ ಬಣ್ಣ, ಅಂಚಿನಲ್ಲಿ ಮಿನುಗುವ ಬೆಳ್ಳಿಯ ಪೊರೆ ಇವೆಲ್ಲ ಸಾಕ್ಷಿ. ಗ್ರೇ ಸ್ಕೇಲಿನಲ್ಲಿ ಅಳಿಸಿಹೋಗುತ್ತವೆ. ಹಿಂಬದಿ ಖಾಲಿ ಕಂಡರೂ ಸ್ಕ್ಯಾನ್ ಮಾಡಬೇಕು. ಕ್ರಮಸಂಖ್ಯೆಯನ್ನು ಮೆತ್ತನೆಯ ಪೆನ್ಸಿಲಿನಿಂದ ಬೆನ್ನಿನ ಅಂಚಿನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಪಿವಿಸಿ ಕವರೂ ಆಗದು. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರು ತನ್ನಿ.

ನೆಗೆಟಿವ್ ಅಂಟಂಟಾಗಿ ಕಂದುಬಣ್ಣಕ್ಕೆ ತಿರುಗಿ ಘಾಟು ಹೊಡೆಯುತ್ತಿದ್ದರೆ ಅದು ನೈಟ್ರೇಟ್ ಫಿಲ್ಮ್ ಇರಬಹುದು. ಕೊಡಕ್ ರೋಲ್ ಫಿಲ್ಮುಗಳಲ್ಲಿ ನೈಟ್ರೇಟ್ 1950ರವರೆಗೂ ಇತ್ತು. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ, ನೀರಿಗೂ ಆರದು. ಸ್ಕ್ಯಾನರಿನ ಬಿಸಿಗೆ ಒಡ್ಡದೆ, ಕಾಗದದ ಲಕೋಟೆಯಲ್ಲಿ ಬೇರೆ ಇಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸಿ. ವಿನಿಗರ್ ವಾಸನೆ ಬಂದರೆ ಅದು ಅಸಿಟೇಟ್. ಬೆಂಕಿಯ ಭಯ ಇಲ್ಲ, ಆದರೆ ಆ ವಾಸನೆ ಪಕ್ಕದ ಫಿಲ್ಮುಗಳನ್ನೂ ಕೆಡಿಸುತ್ತದೆ.

ಬೆನ್ನಿನ ಮೇಲಿನ ಬರಹ

ಎಲ್ಲರೂ ಮುಖ ನೋಡುತ್ತಾರೆ, ಬೆನ್ನು ನೋಡುವುದಿಲ್ಲ. ಬೆನ್ನಿನಿಂದಲೇ ಶುರು ಮಾಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಕಾಗದಕ್ಕೆ ಬಹುತೇಕ ಸಮತಟ್ಟಾಗಿ ಹಿಡಿದು ನಾಲ್ಕೂ ಕಡೆಯಿಂದ ಬೆಳಕು ಬಿಡಿ. ಅಳಿಸಿಹೋದ ಪೆನ್ಸಿಲಿನ ಗೀರು, ಸ್ಟುಡಿಯೋದ ಉಬ್ಬಚ್ಚು, ರಬ್ಬರ್ ಸ್ಟ್ಯಾಂಪಿನ ಅರ್ಧ ವೃತ್ತ ಆಗ ಏಳುತ್ತವೆ. ಸೆನ್ಸಾರ್ ಮುದ್ರೆ ಕಂಡರೆ ಅದು ಅಂಚೆಯಲ್ಲಿ ಹೋಗಿಬಂದ ಪ್ರಿಂಟು ಎಂದು ಹೇಳಬಹುದು. ಸೆನ್ಸಾರ್ ನೋಡಿದ್ದು ಆ ಪ್ರಿಂಟನ್ನು, ಆ ದಿನ. ಫೋಟೊ ತೆಗೆದದ್ದು ಅದಕ್ಕೂ ವರ್ಷಗಳ ಹಿಂದೆ ಆಗಿರಬಹುದು.

ನಮ್ಮ ಕಡೆಯ ಬರಹಗಳಲ್ಲಿ ತಾರೀಕಿಗಿಂತ ಸಂವತ್ಸರ ಸಿಗುವುದುಂಟು. ‘ಚಿತ್ರಭಾನು ಸಂ|| ಪುಷ್ಯ ಬ|| ೫’ ಎಂದಿದ್ದರೆ ಅದು ಚಿತ್ರಭಾನು ಸಂವತ್ಸರದ ಪುಷ್ಯ ಬಹುಳ ಪಂಚಮಿ. ಯುದ್ಧದ ವರ್ಷಗಳ ಲೆಕ್ಕ ಹೀಗೆ: ಪ್ರಮಾಥಿ 1939–40, ವಿಕ್ರಮ 1940–41, ವೃಷ 1941–42 (ಕೆಲವರು ವಿಷು ಎನ್ನುತ್ತಾರೆ), ಚಿತ್ರಭಾನು 1942–43, ಸ್ವಭಾನು 1943–44, ತಾರಣ 1944–45, ಪಾರ್ಥಿವ 1945–46. ವರ್ಷ ತಿರುಗುವುದು ಯುಗಾದಿಗೆ, ಜನವರಿಗೆ ಅಲ್ಲ. ಎಡವುವುದು ಇಲ್ಲೇ: ಚಿತ್ರಭಾನು ಪುಷ್ಯ ಎಂದರೆ 1942ರ ಜನವರಿ ಅಲ್ಲ, 1943ರ ಜನವರಿಯ ಆಸುಪಾಸು. ಕನ್ನಡ ಅಂಕಿಯ ಕೈಬರಹದಲ್ಲಿ ೬, ೭, ೯ ಒಂದನ್ನೊಂದು ಹೋಲುತ್ತವೆ. ಅದೇ ಕೈ ಬೇರೆಲ್ಲಾದರೂ ಬರೆದ ಅಂಕಿ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ.

ಇಂಗ್ಲಿಷ್ ತಾರೀಕಿನಲ್ಲಿ ಇನ್ನೊಂದು ಹಳ್ಳ ಇದೆ. 4/7/44 ಎಂದು ಬರೆದವರು ಬಸವನಗುಡಿಯವರಾದರೆ ಅದು ಜುಲೈ 4, ಅಮೆರಿಕದ ಸಿಪಾಯಿಯಾದರೆ ಏಪ್ರಿಲ್ 7. ಅಮೆರಿಕದವರು ಇಲ್ಲಿಗೇಕೆ ಬಂದರು ಎನ್ನಬೇಡಿ. 1940ರ ಡಿಸೆಂಬರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರ ಹೊತ್ತಿಗೆ ಅಮೆರಿಕದ ವಾಯುಸೇನೆಯ ವಿಮಾನ ದುರಸ್ತಿ ಕೇಂದ್ರವಾಗಿತ್ತು. ದಂಡಿನ (ಕಂಟೋನ್ಮೆಂಟಿನ) ಬೀದಿಗಳ ಎಷ್ಟೋ ಫೋಟೊಗಳು ಅವರ ಕ್ಯಾಮೆರಾದವು.

ಬರಹ ಬಾಲ್‌ಪೆನ್ನಿನಲ್ಲಿದ್ದರೆ ಅದು ಯುದ್ಧ ಮುಗಿದ ಮೇಲೆ ಯಾರೋ ನೆನಪಿನಿಂದ ಬರೆದದ್ದು. ಬಾಲ್‌ಪೆನ್ ಅಮೆರಿಕದ ಅಂಗಡಿಗೇ ಬಂದದ್ದು 1945ರ ಅಕ್ಟೋಬರಿನಲ್ಲಿ. ಹಾಗೆಂದು ಅದು ಸುಳ್ಳಾಗಬೇಕಿಲ್ಲ. ಆದರೆ ಅದನ್ನು ಸಾಕ್ಷಿ ಎನ್ನದೆ ಹೇಳಿಕೆ ಎಂದು ಬರೆದುಕೊಳ್ಳಿ.

ಕಾಗದ, ಅಳತೆ, ಫಿಲ್ಮು

365 ನ್ಯಾನೊಮೀಟರಿನ ಯುವಿ (ನೇರಳಾತೀತ) ಟಾರ್ಚ್ ಒಂದು ಇಟ್ಟುಕೊಳ್ಳಿ, ನೋಟು ಪರೀಕ್ಷಿಸುವಂಥದು ಸಾಕು. ಕತ್ತಲಲ್ಲಿ ಫೋಟೊದ ಬಿಳಿ ಅಂಚಿನ ಮೇಲೆ ಮೂರು ಸೆಕೆಂಡು ಬಿಡಿ, ಪಕ್ಕದಲ್ಲಿ ಇಂದಿನ ಝೆರಾಕ್ಸ್ ಹಾಳೆ ಇಟ್ಟು ಹೋಲಿಸಿ. ಹಾಳೆಯಂತೆ ನೀಲಿ-ಬಿಳಿಯಾಗಿ ಹೊಳೆದರೆ ಕಾಗದದಲ್ಲಿ ಹೊಳಪುಕಾರಕ ಇದೆ. ಫೋಟೊ ಕಾಗದಕ್ಕೆ ಅದನ್ನು ಬೆರೆಸಲು ತೊಡಗಿದ್ದು 1950ರ ದಶಕದ ಆರಂಭದಲ್ಲಿ. ಅಂದರೆ ಪ್ರಿಂಟು ಯುದ್ಧಕಾಲದ್ದಲ್ಲ. ನೆಗೆಟಿವ್ ಮಾತ್ರ ಆಗಿನದಿರಬಹುದು. ಹೊಳೆಯದಿದ್ದರೆ ಏನೂ ಸಿದ್ಧವಾಗದು, ಏಕೆಂದರೆ ಆಮೇಲಿನ ಎಲ್ಲ ಕಾಗದಗಳಲ್ಲೂ ಅದು ಇರಲಿಲ್ಲ. ಅಂಟಿನ ಕಲೆ ತಾನೇ ಹೊಳೆದು ಮೋಸ ಮಾಡುತ್ತದೆ, ಹಾಗಾಗಿ ಎರಡು ಮೂರು ಜಾಗದಲ್ಲಿ ನೋಡಿ. ಬೆನ್ನು ಪ್ಲಾಸ್ಟಿಕ್‌ನಂತೆ ನುಣ್ಣಗಿದ್ದರೆ ಯುವಿ ಬೇಕೇ ಇಲ್ಲ, ಅದು 1960ರ ದಶಕದ ಕೊನೆಯ ನಂತರದ ಕಾಗದ.

ಅಳೆಯುವಾಗ ಕಾಗದವನ್ನಲ್ಲ, ಚಿತ್ರವನ್ನು ಅಳೆಯಿರಿ. ಆಗಿನ ಮನೆಮಂದಿಯ ಫೋಟೊಗಳು ಬಹುತೇಕ ಕಾಂಟ್ಯಾಕ್ಟ್ ಪ್ರಿಂಟುಗಳು, ಅಂದರೆ ನೆಗೆಟಿವ್ ಎಷ್ಟಿತ್ತೋ ಚಿತ್ರವೂ ಅಷ್ಟೇ. ಸುಮಾರು 57×83 ಮಿ.ಮೀ. ಇದ್ದರೆ 120 ಅಥವಾ 620 (ಇವು ರೋಲ್ ಫಿಲ್ಮಿನ ಅಳತೆಗಳ ಹೆಸರು) ಫಿಲ್ಮಿನ ಬಾಕ್ಸ್ ಅಥವಾ ಮಡಚುವ ಕ್ಯಾಮೆರಾ. 41×64 ಇದ್ದರೆ 127 ಫಿಲ್ಮು. 64×108 ಇದ್ದರೆ 116 ಅಥವಾ 616. 620 ಬಂದದ್ದು 1931ರಲ್ಲಿ, 120 ಮತ್ತು 127 ಅದಕ್ಕೂ ಬಹಳ ಹಿಂದೆ. ಹಾಗಾಗಿ ಅಳತೆಯಿಂದ ವರ್ಷ ಸಿಗುವುದಿಲ್ಲ. ಸಿಗುವುದು ಕ್ಯಾಮೆರಾದ ಜಾತಿ, ಅದರಿಂದ ತೆಗೆದವರ ಅಂತಸ್ತು. ಒಂದೇ ಆಲ್ಬಮ್ಮಿನಲ್ಲಿ ಎಲ್ಲವೂ 57×83 ಇದ್ದು ಒಂದು ಮಾತ್ರ ದೊಡ್ಡದಾಗಿ, ಚೂಪಾಗಿ ಇದ್ದರೆ ಅದು ಕೊಂಡುತಂದದ್ದು ಎಂಬ ಅನುಮಾನ ಬರಬೇಕು. ಸಿಪಾಯಿಗಳಿಗೆಂದು ಸ್ಟುಡಿಯೋಗಳು ‘ಇಂಡಿಯಾದ ದೃಶ್ಯ’ಗಳ ಕಟ್ಟು ಮಾರುತ್ತಿದ್ದವು. ಹಾವಾಡಿಗ, ಎತ್ತಿನ ಗಾಡಿ, ನೀರು ಹೊರುವ ಹೆಂಗಸು ಇದ್ದರೆ ಮೊದಲು ಅಂತರ್ಜಾಲದಲ್ಲಿ ಚಿತ್ರ ಹಾಕಿ ಹುಡುಕಿ. ಅದೇ ಫೋಟೊ ಇನ್ನಾರದೋ ಆಲ್ಬಮ್ಮಿನಲ್ಲಿ ಬೇರೆ ಊರಿನ ಹೆಸರು ಹೊತ್ತು ಕೂತಿರುತ್ತದೆ.

ಬಣ್ಣ ಬೂದಿಯಾಗುವ ಬಗೆಯನ್ನು ಅರಿಯದೆ ಬಟ್ಟೆಯ ಬಗ್ಗೆ ಮಾತಾಡಬಾರದು. ಮನೆ ಕ್ಯಾಮೆರಾಗಳಲ್ಲಿ ಹೆಚ್ಚು ಓಡುತ್ತಿದ್ದ ಕೊಡಕ್ ವೆರಿಕ್ರೋಮ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪೂ ಕಾಣುವ ವೆರಿಕ್ರೋಮ್ ಪ್ಯಾನ್ ಬಂದದ್ದು 1956ರಲ್ಲಿ. ಹಳೆಯದರಲ್ಲಿ ಕೆಂಪು ಸೀರೆ ಕಪ್ಪಾಗಿ, ತಿಳಿನೀಲಿ ಸೀರೆ ಬಿಳಿಯಾಗಿ ಬರುತ್ತದೆ, ಆಕಾಶ ಬರೀ ಬೋಳು. ಬಿಳಿ ಸೀರೆ ಕಂಡ ತಕ್ಷಣ ‘ವಿಧವೆ’ ಎಂದು ಬರೆಯುವುದು ಈ ಕೆಲಸದಲ್ಲಿ ಮಾಡುವ ಅತಿ ಕೆಟ್ಟ ತಪ್ಪು. ಕುಂಕುಮ ಕಾಣದಿದ್ದರೂ ಅಷ್ಟೇ: ಎಲ್ಲ ಬಣ್ಣ ಹಿಡಿಯುವ ಫಿಲ್ಮಿನಲ್ಲಿ, ನೆತ್ತಿ ಬಿಸಿಲಿನಲ್ಲಿ, ಚಿಕ್ಕ ಬೊಟ್ಟು ಹಣೆಯ ಬಣ್ಣದಲ್ಲಿ ಕರಗಿಬಿಡುತ್ತದೆ.

ಇದು ಬೆಂಗಳೂರೇ ಏನು?

‘ಬ್ಯಾಂಗಲೋರ್’ ಎಂದು ಬರೆದಿದ್ದರೂ ಕೇಳಿಕೊಳ್ಳಿ. ಆಗ ಇದು ಒಂದು ಊರಲ್ಲ, ಎರಡು. ಪೇಟೆ, ಬಸವನಗುಡಿ, ಮಲ್ಲೇಶ್ವರ ಮೈಸೂರು ಸಂಸ್ಥಾನದ ಕೈಯಲ್ಲಿ. ದಂಡು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, 1947ರವರೆಗೆ ಬ್ರಿಟಿಷರ ಕೈಯಲ್ಲಿ. ಎರಡು ಪುರಸಭೆಗಳು ಕೂಡಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಹಾಗಾಗಿ ಬೋರ್ಡುಗಳ ಭಾಷೆ ನೋಡಿ: ಇಂಗ್ಲಿಷು, ತಮಿಳು, ಉರ್ದು ಹೆಚ್ಚಿದ್ದರೆ ದಂಡಿನ ಕಡೆ, ಕನ್ನಡ ಮುಂದಿದ್ದರೆ ಪೇಟೆ ಕಡೆ ಎಂದು ಮೊದಲ ಊಹೆ ಮಾಡಬಹುದು. ಇದು ಊಹೆಯಷ್ಟೇ. ಚಿಕ್ಕಪೇಟೆಯಲ್ಲಿ ಎಲ್ಲ ಭಾಷೆಯ ವ್ಯಾಪಾರಿಗಳೂ ಇದ್ದರು.

ಕಟ್ಟಡಗಳಲ್ಲಿ ಗಟ್ಟಿ ಗಡಿ ಕೊಡುವವು ಕೆಲವೇ. ಪುಟ್ಟಣ್ಣ ಚೆಟ್ಟಿ ಪುರಭವನ ಕಂಡರೆ ಹಿಂಗಡಿ 1935. ಅಠಾರಾ ಕಚೇರಿಯ (ಇಂದಿನ ಹೈಕೋರ್ಟಿನ) ಎದುರು ಬಯಲಿದ್ದರೆ ಮುಂಗಡಿ 1950ರ ದಶಕದ ಆರಂಭ, ಏಕೆಂದರೆ ಆಮೇಲೆ ಅಲ್ಲಿ ವಿಧಾನಸೌಧ ಎದ್ದಿತು. ಬೋರ್ಡಿನಲ್ಲಿ ಸೌತ್ ಪೆರೇಡ್ ಎಂಬ ಹೆಸರಿದ್ದರೆ ಅದು ಮಹಾತ್ಮ ಗಾಂಧಿ ರಸ್ತೆ ಆಗುವ ಮೊದಲಿನದು. ಗುರುತಿನ ಕಟ್ಟಡ ಯಾವುದೂ ಇಲ್ಲದಾಗ ನೆಲ ನೋಡಿ. ನೆಟ್ಟಗೆ ನಿಲ್ಲಿಸಿದ ಗ್ರಾನೈಟ್ ಚಪ್ಪಡಿಗಳ ಬೇಲಿ, ಮಂಗಳೂರು ಹೆಂಚು, ಕಿಟಕಿ ಮೇಲೆ ಮಂಕಿ ಟಾಪ್ ಎನ್ನುವ ಚೂಪು ಮರದ ಮಾಡು ಮೂರೂ ಕೂಡಿದ್ದರೆ ಬೆಂಗಳೂರಿನ ಸಾಧ್ಯತೆ ಏರುತ್ತದೆ. ಸಮುದ್ರ ಕಂಡರೆ, ಹೇಳಬೇಕಿಲ್ಲ, ಮದರಾಸಿನ ಆಲ್ಬಂ ತೆರೆಯಿರಿ.

ನೆರಳು ಮತ್ತು ಗಡಿಯಾರ

ನಮ್ಮ ಊರು 13 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇರುವುದು ಫೋಟೊ ಓದುವವರಿಗೆ ಒಂದು ವರ. ಏಪ್ರಿಲ್ 24ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೊಮ್ಮೆ ಸೂರ್ಯ ನಡುನೆತ್ತಿಯ ಮೇಲೆ ಹಾದುಹೋಗುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ನಡು ಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಎಂಟು ತಿಂಗಳು ಉತ್ತರಕ್ಕೆ. ಬೀದಿ ಯಾವುದೆಂದು ಗೊತ್ತಾಗಿ, ನಕ್ಷೆಯಲ್ಲಿ ಅದರ ದಿಕ್ಕು ಸಿಕ್ಕಿ, ನೆರಳು ಯಾವ ಕಡೆ ಎಂದು ಕಂಡರೆ ನಾಲ್ಕೋ ಎಂಟೋ ತಿಂಗಳು ಹೊಡೆದುಹಾಕಬಹುದು. ಉದ್ದವೂ ಹೇಳುತ್ತದೆ. ಡಿಸೆಂಬರಿನ ನಡು ಹಗಲಿನಲ್ಲಿ ನೆರಳು ಆಳಿನ ಎತ್ತರದ ಮುಕ್ಕಾಲು ಪಾಲಿನ ಹತ್ತಿರ, ಆರಡಿಯವರಿಗೆ ನಾಲ್ಕೂವರೆ ಅಡಿಯಷ್ಟು ಇರುತ್ತದೆ. ಜೂನಿನಲ್ಲಿ ಐದನೇ ಒಂದು ಪಾಲೂ ಇರದು.

ಗಡಿಯಾರ ಕಂಡರೆ ಇನ್ನೂ ಒಳ್ಳೆಯದು. ಭಾರತದ ಗಡಿಯಾರಗಳನ್ನು 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಒಂದು ಗಂಟೆ ಮುಂದಿಟ್ಟಿದ್ದರು. ಬೆಂಗಳೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸಾಮಾನ್ಯ ಸಮಯದಲ್ಲಿ ನವೆಂಬರ್ ಮೊದಲಲ್ಲಿ 12:03ಕ್ಕೆ, ಫೆಬ್ರುವರಿ ನಡುವೆ 12:34ಕ್ಕೆ, ಉಳಿದ ದಿನ ಇವೆರಡರ ನಡುವೆ. ಯುದ್ಧದ ಗಡಿಯಾರದಲ್ಲಿ ಅದೇ ಕ್ಷಣ 1:03ರಿಂದ 1:34ರೊಳಗೆ. ಆದ್ದರಿಂದ ಹೀಗೆ ಮಾಡಿ: ನೆರಳಿನ ದಿಕ್ಕಿನಿಂದ ಸೂರ್ಯನ ಹೊತ್ತು ಕಂಡುಹಿಡಿಯಿರಿ, ಸೂರ್ಯನ ಸ್ಥಾನ ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಆ ಬೀದಿಯನ್ನೇ ಇಟ್ಟು ತಾಳೆ ನೋಡಿ, ಆಮೇಲೆ ಚಿತ್ರದ ಗಡಿಯಾರ ಓದಿ. ಜಾಲತಾಣ ಇಂದಿನ ಸಮಯ ತೋರಿಸುತ್ತದೆ. ಚಿತ್ರದ ಗಡಿಯಾರ ಅದಕ್ಕಿಂತ ಸುಮಾರು ಒಂದು ಗಂಟೆ ಮುಂದಿದ್ದರೆ ಆ ಮೂರು ವರ್ಷದ ಕಿಟಕಿ ತೆರೆದಂತೆ. ಕಾಲು ಗಂಟೆಯ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ, ಅಂಗಡಿ ಗಡಿಯಾರ ಅಷ್ಟು ನಿಯತ್ತಿನದಲ್ಲ. ಗೋಪುರದ ಗಡಿಯಾರ ಕೆಟ್ಟು ನಿಂತಿರುವುದೂ ಉಂಟು, ಆದ್ದರಿಂದ ಅದೇ ಜಾಗದ ಇನ್ನೊಂದು ಫೋಟೊದಲ್ಲಿ ಮುಳ್ಳು ಬೇರೆಡೆ ಇದೆಯೇ ಎಂದು ನೋಡದೆ ಮುಂದೆ ಹೋಗಬೇಡಿ. ಇನ್ನೊಂದು ಮಾತು. ಮುಂಗಡೆ ನೆಲದ ಮೇಲೆ ಟೋಪಿ ಹಾಕಿದವರ ನೆರಳು ಚಾಚಿದ್ದರೆ ಅದು ಫೋಟೊ ತೆಗೆದವರದು. ಬಿಸಿಲು ಬೆನ್ನಿಗಿರಲಿ ಎಂಬ ಸೂಚನೆ ಪಾಲಿಸಿದ ಬಾಕ್ಸ್ ಕ್ಯಾಮೆರಾದವರು ಬಿಟ್ಟುಹೋದ ಏಕೈಕ ಸಹಿ.

ಯುದ್ಧ ಅಡಗಿರುವ ಸಾಮಾನುಗಳು

ಬಸ್ಸಿನ ಹಿಂದೆ ಆಳೆತ್ತರದ ಉರುಟು ಡ್ರಮ್ಮು, ಅದರಿಂದ ಎಂಜಿನ್ ಕಡೆಗೆ ಹೋಗುವ ಕೊಳವೆ, ಕೆಳಗೆ ತಿರುಗಿಸುವ ಹಿಡಿಯ ಗಾಳಿಯಂತ್ರ ಇದ್ದರೆ ಅದು ಇದ್ದಿಲು ಬಸ್ಸು. ಪೆಟ್ರೋಲಿಗೆ ರೇಷನ್ ಬಂದಾಗ ಇದ್ದಿಲನ್ನು ಅರೆಬರೆ ಸುಟ್ಟು ಬಂದ ಅನಿಲದಲ್ಲಿ ಓಡಿಸುತ್ತಿದ್ದರು. ಶಕ್ತಿ ಕಡಿಮೆ, ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಿತ್ತು. ‘ಬಸ್ಸಿಗೆ ಬೆಂಕಿ ಬಿದ್ದಿದೆ’ ಎಂದು ಯಾರಾದರೂ ವಿವರಣೆ ಬರೆದ ಫೋಟೊದಲ್ಲಿ ಹೊಗೆ ಹಿಂಬದಿಯ ಡ್ರಮ್ಮಿನದೋ ಎಂದು ಮೊದಲು ನೋಡಿ. ಇವು ಯುದ್ಧ ಮುಗಿದ ಮಾರನೇ ದಿನ ಮಾಯವಾಗಲಿಲ್ಲ, ಮುಂಗಡಿಯನ್ನು ಕೆಲವು ವರ್ಷ ಸಡಿಲ ಇಡಿ. ಬಸ್ಸಿನ ಮೇಲೆ ಬಿ.ಟಿ.ಸಿ. ಎಂದಿದ್ದರೆ ಬೇಲಿ ಇನ್ನೂ ಬಿಗಿಯಾಗುತ್ತದೆ: ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಶುರುವಾದದ್ದು 1940ರಲ್ಲಿ, ಸರ್ಕಾರ ಅದನ್ನು ವಹಿಸಿಕೊಂಡು ಬಿ.ಟಿ.ಎಸ್. ಮಾಡಿದ್ದು 1956ರಲ್ಲಿ.

ದುಡ್ಡು ಚಿಕ್ಕದು, ಆದರೆ ಮಾತು ಖಚಿತ. ನಡುವೆ ದೊಡ್ಡ ತೂತಿರುವ ತಾಮ್ರವರ್ಣದ ಕಾಸು 1943ರಿಂದ 1947ರವರೆಗೆ ಟಂಕಿಸಿದ್ದು, ಲೋಹ ಉಳಿಸಲೆಂದು. ಮಗುವಿನ ಉಡುದಾರದಲ್ಲಿ ತೂತು ಕಾಸು ಕಂಡರೆ ಹಿಂಗಡಿ 1943. ಪೂರ್ವ ಆಫ್ರಿಕದ ತೂತಿನ ನಾಣ್ಯಗಳೂ ಸಿಪಾಯಿಗಳ ಜೇಬಿನಲ್ಲಿ ಬಂದಿರಬಹುದು, ಆದ್ದರಿಂದ ಅಂಚಿನ ಬರಹ ಓದಲಾಗದಿದ್ದರೆ ‘ಬಹುಶಃ’ ಸೇರಿಸಿ. ಬೆಲೆ ಬೋರ್ಡಿನ 0-3-6 ಎಂದರೆ ಮೂರಾಣೆ ಆರು ಪೈ. ಇದು 1957ರ ಏಪ್ರಿಲ್‌ಗೆ ಮೊದಲು ಎಂದಷ್ಟೇ ಹೇಳುತ್ತದೆ.

ಗೋಡೆಯ ಪಟಗಳು ಒಳ್ಳೆಯ ಸಾಕ್ಷಿ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು, ಜಯಚಾಮರಾಜ ಒಡೆಯರ ಪಟ್ಟಾಭಿಷೇಕ ಸೆಪ್ಟೆಂಬರಿನಲ್ಲಿ. ಮಹಾರಾಜರ ವೇಷದಲ್ಲಿ ಜಯಚಾಮರಾಜರ ಪಟ ಇದ್ದರೆ ಅದು ಹಿಂಗಡಿ. ನಾಲ್ವಡಿಯವರ ಪಟ ಇದ್ದರೆ ಅದು ಮುಂಗಡಿ ಅಲ್ಲ. ಆ ಪಟ ಇಂದಿಗೂ ಎಷ್ಟೋ ಮನೆಯಲ್ಲಿದೆ.

ಕ್ಯಾಲೆಂಡರ್ ಇದ್ದರೆ ವಾರದ ಸಾಲು ಎಣಿಸಿ. ಜನವರಿ 1 ಯಾವ ವಾರ ಬಿತ್ತು ಎಂಬ ಪಟ್ಟಿ ಬಾಯಿಪಾಠ ಇರಲಿ: 1939 ಭಾನುವಾರ, 1940 ಸೋಮವಾರ, 1941 ಬುಧವಾರ, 1942 ಗುರುವಾರ, 1943 ಶುಕ್ರವಾರ, 1944 ಶನಿವಾರ, 1945 ಸೋಮವಾರ. 1940 ಮತ್ತು 1944 ಅಧಿಕ ವರ್ಷಗಳು. 1941ರ ಕ್ಯಾಲೆಂಡರ್ 1947ಕ್ಕೂ, 1943ರದು 1937 ಮತ್ತು 1954ಕ್ಕೂ ಹಾಗೆಹಾಗೇ ಹೊಂದುತ್ತದೆ. ಇದು ಮರೆತರೆ ಹನ್ನೊಂದು ವರ್ಷ ತಪ್ಪುತ್ತದೆ.

ಯುದ್ಧದಂತೆ ಕಂಡು ಯುದ್ಧವಲ್ಲದವು ಬಹಳ. ಕಿಟಕಿ ಗಾಜಿಗೆ ಅಡ್ಡಡ್ಡ ಅಂಟಿಸಿದ ಕಾಗದದ ಪಟ್ಟಿ, ಕಾರಿನ ದೀಪಕ್ಕೆ ಮುಸುಕು, ಮಡ್‌ಗಾರ್ಡಿನ ಅಂಚಿಗೆ ಬಿಳಿ ಬಣ್ಣ ಬಾಂಬಿನ ಭಯದ ಗುರುತುಗಳು. ಅದರಲ್ಲೂ 1942ರ ಏಪ್ರಿಲ್‌ನಲ್ಲಿ ಕೊಲಂಬೊ, ವಿಶಾಖಪಟ್ಟಣಗಳ ಮೇಲೆ ಜಪಾನಿ ದಾಳಿ ಆದಮೇಲೆ ದಕ್ಷಿಣದಲ್ಲೆಲ್ಲ ಆ ಭಯ ಹೆಚ್ಚಿತು. ಆದರೆ ರಸ್ತೆ ಬದಿಯ ಮರಕ್ಕೆ ಬಳಿದ ಸುಣ್ಣ ಬರೀ ಸುಣ್ಣ, ಅದು ಎಲ್ಲ ಕಾಲಕ್ಕೂ ಇತ್ತು. ಅಂಗಡಿ ಮುಂದೆ ಉದ್ದ ಸಾಲು ಎಂದರೆ ರೇಷನ್ನೇ ಆಗಬೇಕಿಲ್ಲ. ಕೈಯಲ್ಲಿ ಚೀಲ, ಡಬ್ಬ, ಕಾರ್ಡು ಇದೆಯೇ, ಹೆಂಗಸರದು ಬೇರೆ ಸಾಲೇ, ತೂಗುವ ತಕ್ಕಡಿ ಎಲ್ಲಿ ಎಂದು ನೋಡಿ. ಚೀಲವಿಲ್ಲದ ಸಾಲು ಟಾಕೀಸಿನದಾಗಿರಬಹುದು. ಜೀಪು ಕಂಡರೆ ಹಿಂಗಡಿ 1941, ಆದರೆ ಯುದ್ಧ ಮುಗಿದಮೇಲೆ ಹರಾಜಾದ ಜೀಪುಗಳು ಎಷ್ಟೋ ವರ್ಷ ಓಡಿದವು.

ಜನ

ಮೊದಲು ಚಿತ್ರ ತಿರುವುಮುರುವು ಆಗಿದೆಯೇ ಎಂದು ನೋಡಿ, ನೆಗೆಟಿವನ್ನು ಮಗುಚಿ ಪ್ರಿಂಟು ಹಾಕಿರುವುದು ಸಾಮಾನ್ಯ. ಸೆರಗು ಹೆಚ್ಚಾಗಿ ಎಡ ಹೆಗಲ ಮೇಲೆ, ಗಂಡಸರ ಅಂಗಿಯಲ್ಲಿ ಎಡ ಭಾಗ ಬಲದ ಮೇಲೆ, ಕೈಗಡಿಯಾರ ಎಡಗೈಯಲ್ಲಿ. ಮೂರೂ ಉಲ್ಟಾ ಆದರೆ ಚಿತ್ರವೇ ಉಲ್ಟಾ. ಒಬ್ಬರ ಸೆರಗು ಮಾತ್ರ ಬಲ ಹೆಗಲಿನಲ್ಲಿದ್ದು ನೆರಿಗೆ ಬೆನ್ನ ಹಿಂದಿದ್ದರೆ ಅವರು ಕೊಡವ ಹೆಂಗಸು ಇರಬಹುದು. ಸೈನ್ಯದಲ್ಲಿದ್ದ ಕೊಡವರ ಮನೆಯವರು ದಂಡಿನ ಕಡೆಯ ಫೋಟೊಗಳಲ್ಲಿ ಕಂಡರೆ ಆಶ್ಚರ್ಯವಿಲ್ಲ.

ಮುಖ ಬಿಗಿದಿರುವುದು ದುಃಖವಲ್ಲ. ಬಾಕ್ಸ್ ಕ್ಯಾಮೆರಾದ ಶಟರ್ ಸೆಕೆಂಡಿನ 25ನೇ ಒಂದು ಪಾಲಿನ ಆಸುಪಾಸು ತೆರೆದಿರುತ್ತಿತ್ತು. ಅಷ್ಟರಲ್ಲಿ ನಡೆಯುವವರು ಐದು ಸೆಂಟಿಮೀಟರ್ ಮುಂದೆ ಹೋಗಿರುತ್ತಾರೆ, ಅದಕ್ಕೇ ‘ಅಲ್ಲಾಡಬೇಡಿ’ ಎಂಬ ಅಪ್ಪಣೆ. ಹಸಿವು, ಭಯ, ಯುದ್ಧದ ನೋವು ಇವನ್ನೆಲ್ಲ ಕಣ್ಣಿನಲ್ಲಿ ಓದುವ ವಿವರಣೆಗಳು ನೋಡಿದವರ ಮನಸ್ಸನ್ನು ಹೇಳುತ್ತವೆ, ಚಿತ್ರದಲ್ಲಿದ್ದವರದನ್ನಲ್ಲ.

ನೋಡಿದವರು ಎಲ್ಲಿ ನಿಂತಿದ್ದರು ಎಂಬುದನ್ನು ಮಾತ್ರ ಅಳೆಯಬಹುದು. ಬಯಲಿನಲ್ಲಿ ದಿಗಂತದ ಗೆರೆ ನಿಂತವರ ಮೈಯನ್ನು ಎಲ್ಲಿ ಕತ್ತರಿಸುತ್ತದೋ ಕ್ಯಾಮೆರಾ ಆ ಎತ್ತರದಲ್ಲಿತ್ತು. ಬೀದಿಯಲ್ಲಾದರೆ ಗೋಡೆಯ ಗೆರೆಗಳನ್ನು ಸ್ಕೇಲಿನಿಂದ ಮುಂದಕ್ಕೆಳೆದು ಅವು ಕೂಡುವ ಎತ್ತರ ನೋಡಿ. ಸೊಂಟದ ಮಟ್ಟಕ್ಕೆ ಬಂದರೆ ಕೆಳಗೆ ಬಗ್ಗಿ ನೋಡುವ ಬಾಕ್ಸ್ ಕ್ಯಾಮೆರಾ; ಕಣ್ಣಿನ ಮಟ್ಟ ಆದರೆ ಬೇರೆ ಬಗೆ; ಎಲ್ಲರ ತಲೆಗಿಂತ ಮೇಲಾದರೆ ಲಾರಿಯ ಮೇಲಿನಿಂದಲೋ ಮಹಡಿಯಿಂದಲೋ ತೆಗೆದದ್ದು. ಸೊಪ್ಪಿನವರು ಕ್ಯಾಮೆರಾ ನೋಡುತ್ತಿದ್ದಾರೋ, ಗಿರಾಕಿಯನ್ನೋ? ಲಾರಿಯ ಮೇಲಿನಿಂದ ತೆಗೆದ ಮಾರುಕಟ್ಟೆಯೂ ಮನೆ ಜಗಲಿಯಿಂದ ತೆಗೆದ ಮಾರುಕಟ್ಟೆಯೂ ಒಂದೇ ಅಲ್ಲ.

ಕೃತಕ ಬುದ್ಧಿಮತ್ತೆಯ ‘ಚೂಪು ಮಾಡುವ’, ಬಣ್ಣ ತುಂಬುವ ಆಪ್‌ಗಳನ್ನು ಸಾಕ್ಷಿಗೆ ಬಳಸಬೇಡಿ. ಅವು ಮಸುಕಾದ ಬೋರ್ಡಿನಲ್ಲಿ ಇಲ್ಲದ ಅಕ್ಷರ, ಇಲ್ಲದ ಮೂಗು ಸೃಷ್ಟಿಸುತ್ತವೆ. ಮೂಲ ಸ್ಕ್ಯಾನಿನ ಕಾಂಟ್ರಾಸ್ಟ್ ಏರಿಸಿ ಇಳಿಸಿ ಕಂಡದ್ದಷ್ಟೇ ಕಂಡದ್ದು.

ಒಂದು ಅಭ್ಯಾಸ

ಪುಸ್ತಕದಲ್ಲಿ ಮೂರು ಅಂಕಣ ಹಾಕಿ: ಕಂಡದ್ದು, ಊಹಿಸಿದ್ದು, ಗೊತ್ತಿಲ್ಲದ್ದು. ಈಗ ಒಂದು ಕಲ್ಪಿತ ಫೋಟೊ ತೆಗೆದುಕೊಳ್ಳೋಣ. 57×83 ಮಿ.ಮೀ. ಪ್ರಿಂಟು, ಬೆನ್ನು ಖಾಲಿ, ಯುವಿಗೆ ಹೊಳೆಯುವುದಿಲ್ಲ. ಬೀದಿಯಲ್ಲಿ ಬಿ.ಟಿ.ಸಿ. ಬಸ್ಸಿನ ಹಿಂಬದಿ, ಇದ್ದಿಲು ಡ್ರಮ್ಮು. ಪಕ್ಕದ ಅಂಗಡಿಯೊಳಗೆ ಕ್ಯಾಲೆಂಡರ್: ತಿಂಗಳ ಹೆಸರು ಮಸುಕು, ಒಂದನೇ ತಾರೀಕು ಶುಕ್ರವಾರ, ಕೊನೆಯದು 31. ಗಡಿಯಾರ 1:20. ಜನರ ನೆರಳು ಉತ್ತರಕ್ಕೆ, ಎತ್ತರದ ಮುಕ್ಕಾಲಿಗೆ ತುಸು ಕಡಿಮೆ. ಅಂಗಡಿ ಮುಂದೆ ಅವರೆಕಾಯಿ ರಾಶಿ.

ಬಸ್ಸು ಹಿಂಗಡಿಯನ್ನು 1940ಕ್ಕೆ ನಿಲ್ಲಿಸುತ್ತದೆ, ಡ್ರಮ್ಮು ಮುಂಗಡಿಯನ್ನು ನಲವತ್ತರ ದಶಕದ ಕೊನೆಯತ್ತ ತರುತ್ತದೆ. 1940ರಿಂದ 1947ರೊಳಗೆ ಶುಕ್ರವಾರ ಶುರುವಾಗುವ 31 ದಿನದ ತಿಂಗಳುಗಳು ಎಂಟು: 1940ರ ಮಾರ್ಚ್, 1941ರ ಆಗಸ್ಟ್, 1942ರ ಮೇ, 1943ರ ಜನವರಿ ಮತ್ತು ಅಕ್ಟೋಬರ್, 1944ರ ಡಿಸೆಂಬರ್, 1946ರ ಮಾರ್ಚ್, 1947ರ ಆಗಸ್ಟ್. ನಡು ಹಗಲಿಗೆ ಗಡಿಯಾರ 1:20 ತೋರಿಸುತ್ತಿರುವುದರಿಂದ ಯುದ್ಧದ ಸಮಯ, ಮೂರು ಉಳಿದವು. ಅವರೆಕಾಯಿ ಸೊಗಡು ಚಳಿಗಾಲದ್ದು, ನೆರಳಿನ ಉದ್ದವೂ ಅದನ್ನೇ ಹೇಳುತ್ತದೆ, ಅಕ್ಟೋಬರ್ ಬಿತ್ತು. ಇನ್ನುಳಿದದ್ದು ಎರಡು.

ಇಲ್ಲಿ ಕೈ ತುರಿಸುತ್ತದೆ. ಡಿಸೆಂಬರ್ ನಡುವಿನಲ್ಲಿ ಯುದ್ಧದ ಗಡಿಯಾರದ ನಡು ಹಗಲು 1:15ಕ್ಕೆ, ಜನವರಿ ನಡುವಿನಲ್ಲಿ 1:29ಕ್ಕೆ. 1:20 ಡಿಸೆಂಬರಿಗೆ ಹತ್ತಿರವಲ್ಲವೇ? ಹದಿನಾಲ್ಕು ನಿಮಿಷದ ಅಂತರವನ್ನು ಅಂಗಡಿ ಗಡಿಯಾರ ನಂಬಿ ತೀರ್ಮಾನಿಸಲಾಗದು. ನೆರಳು ನೇರ ಉತ್ತರಕ್ಕಿದೆಯೋ ಮೂರು ಡಿಗ್ರಿ ಓರೆಯೋ ಎಂದು ಅಂಗೈಯಗಲದ ಪ್ರಿಂಟಿನಲ್ಲಿ ಅಳೆಯಲೂ ಆಗದು. ಹಾಳೆ ಹರಿಯಲು ಮರೆತ ಅಂಗಡಿಯವರೂ ಇರುತ್ತಾರೆ, ಆಗ ತಿಂಗಳೇ ಒಂದು ಮುಂದೆ ಹೋಗುತ್ತದೆ. ಬೆನ್ನಿನ ಮೇಲೆ ‘ಚಿತ್ರಭಾನು’ ಅಥವಾ ‘ತಾರಣ’ ಎಂಬ ಒಂದೇ ಪದ ಇದ್ದಿದ್ದರೆ ವ್ಯಾಜ್ಯ ತೀರುತ್ತಿತ್ತು. ಆ ಒಂದು ಪ್ರಶ್ನೆ ಹಿಡಿದುಕೊಂಡು ಮಿಥಿಕ್ ಸೊಸೈಟಿಗೋ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೋ ಹೋಗಿ ಆ ಎರಡು ತಿಂಗಳ ಪತ್ರಿಕೆಗಳಿದ್ದರೆ ಕೇಳಬಹುದು. ಅಂಗಡಿಯ ಹೆಸರು ಜಾಹೀರಾತಿನಲ್ಲಿ ಸಿಗಲೂಬಹುದು. ಅಲ್ಲಿಯವರೆಗೆ ಪೆನ್ಸಿಲಿನಲ್ಲಿ ಇಷ್ಟು ಬರೆಯಿರಿ: ‘ಬೆಂಗಳೂರು, ಬೀದಿ ಗೊತ್ತಿಲ್ಲ. 1943 ಜನವರಿ ಅಥವಾ 1944 ಡಿಸೆಂಬರ್, ಕ್ಯಾಲೆಂಡರ್ ಹಾಳೆ ಹರಿದಿದ್ದರೆ. ತೆಗೆದವರು ಗೊತ್ತಿಲ್ಲ.’